ಹಿಟ್ಟಿನ ಮಾತ್ರೆ

ಕೀಮೋ ಮುಗಿದ ಮೇಲೆ ನನ್ನ ಬೆರಳ ತುದಿಗಳಲ್ಲಿ ಜೀವವಿರಲಿಲ್ಲ. ರವಿಕೆಯ ಹುಕ್ಕು ಹಾಕಿಕೊಳ್ಳಬೇಕಾದರೆ ಕನ್ನಡಿ ನೋಡಿಕೊಂಡೇ ಹಾಕಬೇಕು, ಇಲ್ಲದಿದ್ದರೆ ಅದು ಕೊಂಡಿಗೆ ಸಿಕ್ಕಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಸೀಮೆಸುಣ್ಣ ಕೈಯಿಂದ ಜಾರಿದ್ದು ನೆಲಕ್ಕೆ ಬಿದ್ದು ಸದ್ದಾದಾಗಲೇ ಗೊತ್ತಾಗುತ್ತಿತ್ತು. ನರಗಳಿಗೆ ಔಷಧಿಯ ಏಟು ಬಿದ್ದಿದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದರು ಡಾಕ್ಟರು. ಬೆರಳಿನ ವಿಷಯ ಸರಿ. ಮಿಕ್ಕ ನಾನೂ ಹಾಗೇ ಮರಗಟ್ಟಿ ಹೋಗಿದ್ದೆ, ಅದಕ್ಕೇನು ಕಾರಣ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊಟ ಬಂದರೆ ಉಣ್ಣುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತ ಟೀಚರು. ಯಜಮಾನರದು ತೆಂಗಿನಕಾಯಿ ವ್ಯಾಪಾರ, ವಾರದ ಅರ್ಧ ಚನ್ನರಾಯಪಟ್ಟಣದ ಮಾರುಕಟ್ಟೆಯಲ್ಲೇ ಕಳೆಯುತ್ತದೆ. ಹೊಟ್ಟೆ ಉಬ್ಬರ ಎಂದು ತಿಂಗಳುಗಟ್ಟಲೆ ಜೀರಿಗೆ ಕಷಾಯ ಕುಡಿದುಕೊಂಡಿದ್ದವಳಿಗೆ ಹಾಸನದ ಆಸ್ಪತ್ರೆಯಲ್ಲಿ ಅಂಡಾಶಯದ ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಹೋಯಿತು, ಅರ್ಧ ಬಂತು. ನೋಡಲು ಬಂದ ನೆಂಟರು ಯಾರೂ ಕಾಯಿಲೆಯ ಹೆಸರು ಎತ್ತಲಿಲ್ಲ. "ಅದು ಹೆಂಗಿದೆ ಈಗ?" ಎಂದು ಊರಿಗೆ ಹೋದ ಮಗನ ಬಗ್ಗೆ ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದರು. ಧೈರ್ಯವಾಗಿರು ಎನ್ನುತ್ತ ಅವರೇ ಅಳುತ್ತಿದ್ದರು, ನಾನೇ ಕಾಫಿ ಮಾಡಿ ಕೊಟ್ಟು ಸಮಾಧಾನ ಮಾಡಿ ಕಳಿಸಬೇಕಾಗಿತ್ತು. ನಾನು ಅಳಲಿಲ್ಲವಾದ್ದರಿಂದ ಗಟ್ಟಿಗಿತ್ತಿ ಎಂಬ ಬಿರುದು ಸಿಕ್ಕಿತು. ಗಟ್ಟಿತನವೂ ಅಲ್ಲ, ಮಣ್ಣೂ ಅಲ್ಲ. ಒಳಗೆ ಏನೂ ಇರಲಿಲ್ಲ ಅಷ್ಟೇ.

ಸ್ಕ್ಯಾನಿನಲ್ಲಿ ಎಲ್ಲ ಚೊಕ್ಕಟವಾಗಿದೆ ಎಂದ ದಿನವೇ ಡಾಕ್ಟರು ಟ್ರಯಲ್ ಮಾತು ತೆಗೆದರು. ಅವರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು, ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿರುತ್ತಾರೆ. ಈ ಕಾಯಿಲೆ ಹೋದ ಮೇಲೂ ತಿರುಗಿ ಬರುವ ಜಾತಿಯದು. ಹಾಗೆ ಬರುವುದನ್ನು ತಡೆಯಬಹುದೇನೋ ಎನ್ನುವ ಒಂದು ಹೊಸ ಮಾತ್ರೆ ಇದೆ. ಅದು ನಿಜಕ್ಕೂ ತಡೆಯುತ್ತದೆಯೇ ಎಂದು ಇನ್ನೂ ಯಾರಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವುದಕ್ಕೇ ಈ ಟ್ರಯಲ್. ಸೇರಿದವರಲ್ಲಿ ಅರ್ಧ ಜನಕ್ಕೆ ಆ ಮಾತ್ರೆ, ಇನ್ನರ್ಧ ಜನಕ್ಕೆ ನೋಡಲು ಅದೇ ಥರ ಇರುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದೆ. ತಿನ್ನುವವರಿಗೂ ತಿಳಿಯುವುದಿಲ್ಲ, ಕೊಡುವ ಡಾಕ್ಟರಿಗೂ ತಿಳಿಯುವುದಿಲ್ಲ.

ಯಜಮಾನರು ಮಂಡಿ ವ್ಯಾಪಾರದ ಧಾಟಿಯಲ್ಲಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನೋಡಿ ಡಾಕ್ಟ್ರೇ, ಅಸ್ಲಿ ಮಾತ್ರೆ ಇರೋ ಕಡೆಗೇ ಇವಳನ್ನ ಹಾಕ್ಬುಡಿ. ನಮ್ಮನೆಯವಳಿಗೆ ಹಿಟ್ಟಿನ ಮಾತ್ರೆ ಬ್ಯಾಡ."

"ಯಾವುದು ಯಾವುದು ಅಂತ ನನಗೇ ಗೊತ್ತಾಗಲ್ಲ ಸಾರ್," ಎಂದರು ಡಾಕ್ಟರು.

ಮೂಟೆಯಲ್ಲಿ ಕೊಬ್ಬರಿ ಇದೆಯೋ ಚಿಪ್ಪು ಇದೆಯೋ ಅಂಗಡಿಯವನಿಗೇ ಗೊತ್ತಿಲ್ಲ ಎಂದರೆ ನಂಬುವ ಮನುಷ್ಯರಲ್ಲ ಯಜಮಾನರು. ಮನೆಗೆ ಬರುವ ತನಕ ಬಸ್ಸಿನಲ್ಲಿ ಗೊಣಗಿಕೊಂಡೇ ಬಂದರು. ನಾನು ಸೇರುತ್ತೇನೆ ಎಂದೆ. ಸೇರುವುದಕ್ಕೆ ನನಗೆ ಕಾರಣವಿರಲಿಲ್ಲ, ಸೇರದಿರುವುದಕ್ಕೂ ಇರಲಿಲ್ಲ. ಹತ್ತನೆಯ ತರಗತಿಗೆ ನಾಣ್ಯ ಚಿಮ್ಮಿಸಿ ಸಂಭವನೀಯತೆ ಪಾಠ ಮಾಡಿಕೊಂಡು ಬಂದವಳು ನಾನು. ಈಗ ಚಿಮ್ಮಿದ ನಾಣ್ಯ ನಾನೇ ಎಂದುಕೊಂಡೆ, ಅದೂ ತಮಾಷೆಯೆನಿಸಲಿಲ್ಲ. ಮುಂದಿನ ವಾರ ಕ್ಯಾಮೆರಾ ಮುಂದೆ ಕೂರಿಸಿ ಎಲ್ಲವನ್ನೂ ಮತ್ತೆ ಓದಿ ಹೇಳಿ, ಒತ್ತಾಯವಿಲ್ಲ, ಯಾವಾಗ ಬೇಕಾದರೂ ಬಿಡಬಹುದು ಎಂದು ತಿಳಿಸಿ ಒಪ್ಪಿಗೆ ತೆಗೆದುಕೊಂಡರು. ಮಾತ್ರೆಗಳ ಬಿಳಿ ಬಾಟಲಿ ಕೈಗೆ ಬಂತು.

ಅರಕಲಗೂಡಿನ ಅಕ್ಕ ನನಗೆ ಸಿಕ್ಕಿದ್ದು ಅಲ್ಲಿಯೇ, ಪರೀಕ್ಷೆಗೆ ರಕ್ತ ಕೊಡಲು ಕಾಯುವ ಜಾಗದಲ್ಲಿ. ಅರಕಲಗೂಡಿನ ಆಚೆಯ ಹಳ್ಳಿಯವರು. ಹೊಗೆಸೊಪ್ಪು, ಶುಂಠಿ, ಒಂದಿಷ್ಟು ಜೋಳ ಬೆಳೆಯುವ ಮನೆ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಬಂದರೆ ಅವರ ಬೆರಳೆಲ್ಲ ಕಪ್ಪು ಅಂಟು ಹಿಡಿದಿರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎನ್ನುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬೇಕು. ಪಕ್ಕದ ಕುರ್ಚಿಗೆ ಬಂದು ಧೊಪ್ಪನೆ ಕೂತು ಮೊದಲು ಕೇಳಿದ್ದೇ, "ಏನವ್ವಾ, ನಿಂದೂ ಒಟ್ಟೇದೇನಾ?"

ಹೌದು ಎಂದೆ.

"ನಂದೂ ಅದೇ. ಕೊಯ್ದು ತೆಗುದ್ರು. ಏನಿತ್ತೋ ಏನೋ, ಇಷ್ಟು ದೊಡ್ಡ ಬುಟ್ಟಿ ತುಂಬ ತೆಗುದ್ರಂತೆ. ಈಗ ಈ ಹೊಸ ಮಾತ್ರೆ. ನುಂಗುದ್ರೆ ಸಾಕು, ವಾಕರಿಕೆ. ಬಾಯಿಗೆ ಏನ್ ಆಕಂಡ್ರೂ ಮಣ್ಣು ತಿಂದಂಗೆ. ನಿಂಗೆ?"

ನನಗೆ ಏನೂ ಇಲ್ಲ ಎಂದೆ. ಅದು ಮಾತ್ರೆಯ ಬಗ್ಗೆಯೂ ನಿಜವಾಗಿತ್ತು. ಮಾತ್ರೆ ನುಂಗುತ್ತಿದ್ದೆ, ನೀರು ಕುಡಿಯುತ್ತಿದ್ದೆ, ಅಷ್ಟೇ.

ನಮ್ಮಿಬ್ಬರ ಪಾಳಿ ತಿಂಗಳಿಗೊಮ್ಮೆ ಒಂದೇ ದಿನ ಬೀಳುತ್ತಿತ್ತು. ರಕ್ತ ಕೊಟ್ಟು, ಹಳೆಯ ಬಾಟಲಿ ತೋರಿಸಿ, ಹೊಸ ಬಾಟಲಿ ತೆಗೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಹಾಸನದ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದೆವು. ಅವರ ಬಸ್ಸು ಒಂದು ಕಡೆ, ನನ್ನದು ಇನ್ನೊಂದು ಕಡೆ. ನಡುವೆ ಒಂದು ಕಲ್ಲುಬೆಂಚು ಇತ್ತು, ಅಲ್ಲಿ ಕೂತು ಊಟ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಯಾವ ಬೆಂಚೂ ಖಾಲಿ ಇರುವುದಿಲ್ಲ, ಆದರೆ ಅಕ್ಕ "ವಸಿ ಸರೀರಿ, ಆಪ್ರೇಸನ್ ಆಗೈತೆ" ಎಂದರೆ ಕೂತವರು ತಾವೇ ಎದ್ದುಬಿಡುತ್ತಿದ್ದರು. ನಾನು ಚಿತ್ರಾನ್ನ ತರುತ್ತಿದ್ದೆ. ಅವರು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತಿದ್ದರು. ಮೊದಲ ಸಲ ಡಬ್ಬಿ ಮುಂದೆ ಹಿಡಿದವರು ನನ್ನ ಹಣೆಯ ವಿಭೂತಿ ನೋಡಿ ತಡೆದರು. "ನೀವು ಲಿಂಗ ಕಟ್ಟಾ ಜನ. ನಾವು ಕೋಳಿ ಕುಯ್ಯೋರು. ತಿಂತೀಯಾ?"

"ಇದ್ರಲ್ಲಿ ಕೋಳಿ ಇಲ್ಲ ತಾನೆ?" ಎಂದೆ.

"ಆಸ್ಪತ್ರೆ ದಿನ ನಾನು ಮಾಡಾಕಿಲ್ಲ ಕಣವ್ವ."

ತಿಂದೆ. ಚೆನ್ನಾಗಿತ್ತು. ಅಷ್ಟು ಚೆನ್ನಾದ ರೊಟ್ಟಿ ಮಾಡಿದ ಅವರಿಗೇ ಅದರ ರುಚಿ ಗೊತ್ತಾಗುತ್ತಿರಲಿಲ್ಲ. ಎರಡು ತುತ್ತು ತಿಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. "ಉಪ್ಪು ಆಕಿದೀನಾ ನೋಡು" ಎಂದು ಪ್ರತಿ ಸಲವೂ ನನ್ನನ್ನೇ ಕೇಳುತ್ತಿದ್ದರು.

ಕೆಲವು ತಿಂಗಳು ಹೀಗೆ ನಡೆಯಿತು. ಒಂದು ದಿನ ಬೆಂಚಿನ ಮೇಲೆ ಕೂತವರು ರೊಟ್ಟಿ ಡಬ್ಬಿ ತೆಗೆಯಲೇ ಇಲ್ಲ. ಟ್ರಯಲ್ ನೋಡಿಕೊಳ್ಳುವ ಹುಡುಗಿ ಆವತ್ತು ಹೊಸಬರಿಗೆ ವಿವರಿಸುತ್ತಿದ್ದುದನ್ನು ಅಕ್ಕ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದರು. ಅವರಿಗೂ ಮೊದಲೇ ಎಲ್ಲ ಹೇಳಿದ್ದರು, ಕ್ಯಾಮೆರಾ ಮುಂದೆಯೇ ಹೇಳಿದ್ದರು. ಆದರೆ ಅರ್ಧ ಜನ ಎಂದರೆ ಎಲ್ಲೋ ದೂರದ ಬೆಂಗಳೂರಿನವರೋ ಡೆಲ್ಲಿಯವರೋ ಇರಬೇಕು ಎಂದುಕೊಂಡಿದ್ದರಂತೆ. ಆ ಅರ್ಧ ತಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿರಬಹುದು ಎನ್ನುವುದು ಅವರಿಗೆ ಹೊಳೆದಿರಲಿಲ್ಲ.

"ಅಂದ್ರೆ ನಮ್ಮಿಬ್ಬುರಲ್ಲಿ ಒಬ್ಬರು ತಿಂತಿರಾದು ಬರೀ ಇಟ್ಟಾ?" ಎಂದರು.

"ಇರಬೋದು. ಇಬ್ಬರದೂ ಹಿಟ್ಟೇ ಇರಬೋದು. ಇಬ್ಬರದೂ ಔಷಧಿನೇ ಇರಬೋದು."

"ಇದೇನು ನ್ಯಾಯ ಟೀಚ್ರಮ್ಮ? ಒಂದೇ ಪಂತೀಲಿ ಕೂರ್ಸಿ, ಒಬ್ಬರ ಎಲೆಗೆ ಅನ್ನ ಇಕ್ಕಿ ಪಕ್ಕದ ಎಲೆ ಬುಟ್ಟು ಮುಂದಕ್ಕೆ ಓಗಾದಾ? ತಿಥಿ ಮನೇಲೂ ಯಾರೂ ಅಂಗೆ ಮಾಡಾಕಿಲ್ಲ."

ನಾನು ನಗಲು ನೋಡಿದೆ. ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು, ಮೂಗಿನ ಹೊಳ್ಳೆಗಳು ಅದುರುತ್ತಿದ್ದವು. ನಮ್ಮ ಕಡೆ ಎಂಥ ಜಗಳಗಂಟಿ ಮನೆಯಲ್ಲೂ ಪಂಕ್ತಿಯಲ್ಲಿ ಕೂತ ಮೇಲೆ ಭೇದವಿಲ್ಲ. ಕೋರ್ಟಿನಲ್ಲಿ ಕೇಸು ನಡೆಯುತ್ತಿರುವ ದಾಯಾದಿ ಬಂದು ಕೂತರೂ ಅವನ ಎಲೆಗೂ ಅಷ್ಟೇ ತುಪ್ಪ ಬೀಳಬೇಕು. ಬಡಿಸುವವನು ಒಂದು ಎಲೆ ಬಿಟ್ಟು ಹೋದರೆ ಇಡೀ ಸಾಲು ಕೈ ತಡೆದು ಕೂರುತ್ತದೆ. ಅಕ್ಕನ ಪಾಲಿಗೆ ಆ ದೊಡ್ಡ ಪ್ರಯೋಗದ ಒಟ್ಟು ಅರ್ಥ ಇಷ್ಟೇ ಆಗಿಬಿಟ್ಟಿತ್ತು, ಯಾರೋ ಒಂದು ಎಲೆ ಬಿಟ್ಟಿದ್ದಾರೆ.

"ಕೊಡಿಲ್ಲಿ ನಿನ್ ಬಾಟ್ಲ," ಎಂದರು. ರೊಟ್ಟಿ ಡಬ್ಬಿಯ ಮೇಲಿನ ತಟ್ಟೆಯನ್ನು ಸೆರಗಿನ ಒಣ ತುದಿಯಿಂದ ಚೆನ್ನಾಗಿ ಒರೆಸಿದರು. ತಮ್ಮ ಬಾಟಲಿಯನ್ನು ಅದಕ್ಕೆ ಸುರಿದರು, ನನ್ನದನ್ನೂ ಸುರಿದರು. ಎರಡೂ ಒಂದೇ ಬಣ್ಣ, ಒಂದೇ ಗಾತ್ರ. ಅವರೆಕಾಳು ಆರಿಸುವವರ ಹಾಗೆ ಬೆರಳಾಡಿಸಿ ಕಲೆಸಿದರು, ಮತ್ತೆ ಎರಡೂ ಬಾಟಲಿಗೆ ಸಮವಾಗಿ ತುಂಬಿದರು. ಪಕ್ಕದಲ್ಲಿ ಕೂತ ಹೆಂಗಸು ಪೆಪ್ಪರ್‌ಮೆಂಟ್ ಇರಬೇಕು ಎಂದುಕೊಂಡು ತನ್ನ ಮಗುವಿಗೆ ಒಂದು ಕೇಳಿದಳು. "ಇದು ಖಾರ ಕಣವ್ವ," ಎಂದು ಅಕ್ಕ ಮುಚ್ಚಳ ತಿರುಗಿಸಿದರು.

ನಾನು ತಡೆಯಲಿಲ್ಲ. ಅದು ತಪ್ಪು ಲೆಕ್ಕ ಎಂದು ಗೊತ್ತಿತ್ತು. ಬೇಡ ಎನ್ನಬೇಕಾದರೂ ಮನಸ್ಸಿನಲ್ಲಿ ಒಂದಿಷ್ಟು ಕಾವು ಬೇಕು, ಅದು ನನ್ನಲ್ಲಿರಲಿಲ್ಲ. ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮುಂದಿನ ತಿಂಗಳು ಬೆಂಚಿನ ಮೇಲೆ ಅಕ್ಕ ನಾಲ್ಕು ರೊಟ್ಟಿ ತಿಂದರು. "ಉಪ್ಪು ಗೊತ್ತಾಯ್ತಾ ಐತೆ ಕಣವ್ವ! ಖಾರನೂ ಗೊತ್ತಾಯ್ತಾ ಐತೆ!" ಎಂದು ನನ್ನ ಚಿತ್ರಾನ್ನಕ್ಕೂ ಕೈ ಹಾಕಿದರು. ವಾಕರಿಕೆಯೂ ತಗ್ಗಿದೆ ಎಂದರು. ಆವತ್ತು ಚಿತ್ರಾನ್ನ ನನಗೆ ಬೇಕಿರಲಿಲ್ಲ. ಕೆಲವು ದಿನಗಳಿಂದ ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳೆಸುತ್ತಿತ್ತು, ಕಾಫಿಯ ವಾಸನೆಗೇ ವಾಕರಿಕೆ ಬರುತ್ತಿತ್ತು. ಪಿತ್ತ ಇರಬೇಕು ಎಂದು ಯಜಮಾನರು ನಿಂಬೆಹಣ್ಣಿನ ಶರಬತ್ತು ಮಾಡಿಕೊಟ್ಟಿದ್ದರು. ನಾವು ಊಟ ಮುಗಿಸಿ ಆ ತಿಂಗಳ ಮಾತ್ರೆಗಳನ್ನೂ ಕಲೆಸಿಕೊಂಡೆವು. ಎರಡನೆಯ ಸಲಕ್ಕೇ ಅದು ವೀಳ್ಯದೆಲೆ ಹಂಚಿಕೊಳ್ಳುವಷ್ಟೇ ಸಹಜವಾಗಿಬಿಟ್ಟಿತ್ತು.

ವಿಷಯ ನನಗೆ ಹೊಳೆದದ್ದು ಚನ್ನರಾಯಪಟ್ಟಣದಲ್ಲಿ, ನನ್ನ ನಾದಿನಿಯ ಮನೆಯ ಗೃಹಪ್ರವೇಶದ ಊಟದಲ್ಲಿ. ಹೆದ್ದಾರಿಯ ಹಿಂದಿನ ಹೊಸ ಬಡಾವಣೆ, ಮನೆಯ ಮುಂದೆ ಶಾಮಿಯಾನ. ಎರಡನೆಯ ಪಂಕ್ತಿಯಲ್ಲಿ ಕೂತಿದ್ದೆ. ಕೋಸಂಬರಿ, ಪಲ್ಯ ಆಗಿ ಹೋಳಿಗೆಯ ಮೇಲೆ ತುಪ್ಪ ಬಿತ್ತು. ಆ ಬಿಸಿ ತುಪ್ಪದ ವಾಸನೆಗೆ ನನ್ನ ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ಪಂಕ್ತಿಯ ನಡುವೆ ಏಳಬಾರದು ಎಂದು ಹಲ್ಲು ಕಚ್ಚಿಕೊಂಡು ಕೂತೆ, ಆಗಲಿಲ್ಲ. ಎದ್ದು ಓಡಿದೆ. ಹಿತ್ತಲಿನ ನಲ್ಲಿಯ ಹತ್ತಿರ ವಾಂತಿ ಮಾಡಿ ಗೋಡೆಗೆ ಒರಗಿ ನಿಂತೆ. ಹೊಸ ಗೋಡೆ, ಇನ್ನೂ ಸುಣ್ಣದ ವಾಸನೆ. ನಾದಿನಿ ಓಡಿ ಬಂದು ಬೆನ್ನು ಸವರಿದಳು. "ಮಣ್ಣು ತಿಂದ ಹಾಗಾಗುತ್ತಿದೆ" ಎಂದೆ. ಹೇಳಿದ ಮೇಲೆ ಆ ಮಾತು ಯಾರದು ಎಂದು ನನಗೆ ನೆನಪಾಯಿತು.

ಅದಕ್ಕೆ ದೊಡ್ಡ ಗಣಿತವೇನೂ ಬೇಕಿರಲಿಲ್ಲ. ಅಕ್ಕನ ಕಡೆಯಿಂದ ಇಳಿದದ್ದು ನನ್ನ ಕಡೆ ಏರಿತ್ತು. ನನ್ನ ಕಡೆಯಿಂದ ಅವರ ಕಡೆಗೆ ಏನೂ ಹೋದಂತೆ ಕಾಣಲಿಲ್ಲ, ಹೋಗಲು ನನ್ನ ಬಾಟಲಿಯಲ್ಲಿ ಏನಾದರೂ ಇದ್ದಿದ್ದರಲ್ಲವೇ. ಔಷಧಿ ಅವರದು. ಹಿಟ್ಟು ನನ್ನದು. ಅವರು ಅಷ್ಟು ದಿನಗಳಿಂದ ತಮ್ಮ ಔಷಧಿಯಲ್ಲಿ ಅರ್ಧವನ್ನು ನನಗೆ ತಿನ್ನಿಸಿ, ನನ್ನ ಹಿಟ್ಟಿನಲ್ಲಿ ಅರ್ಧವನ್ನು ತಾವು ತಿನ್ನುತ್ತಿದ್ದರು. ಕಾಯಿಲೆ ಅವರಿಗೆ ತಿರುಗಿ ಬಂದರೆ ಆ ಅರ್ಧಕ್ಕೆ ನಾನೇ ಉತ್ತರ ಹೇಳಬೇಕಾದವಳು. ಇಷ್ಟು ತಿಳಿದ ಮೇಲೂ ನನಗೆ ದುಃಖವಾಗಲಿಲ್ಲ, ಭಯವೂ ಆಗಲಿಲ್ಲ. ಓಹೋ, ಹೀಗೋ, ಎಂದುಕೊಂಡೆ. ಬಾಯಿ ಮುಕ್ಕಳಿಸಿ ಒಳಗೆ ಹೋಗಿ ಬಂದವರಿಗೆ ಕುಂಕುಮ ಕೊಡುತ್ತ ನಿಂತೆ.

ಅಂದಿನಿಂದ ಮಾತ್ರೆ ಮುಟ್ಟಲಿಲ್ಲ. ಅದೇ ವಾರ ಶಾಲೆಗೆ ರಜೆ ಹಾಕಿ, ನನ್ನ ಪಾಳಿಯಲ್ಲದ ದಿನವೇ ಹಾಸನಕ್ಕೆ ಹೋಗಿ ಡಾಕ್ಟರ ಮುಂದೆ ಬಾಟಲಿಯಿಟ್ಟು ನಡೆದದ್ದನ್ನು ಹೇಳಿದೆ. ಈಗ ಇದನ್ನು ಕೇಳಿದವರು ಎಂಥ ಮನಸ್ಸು ನಿಮ್ಮದು ಎಂದು ಹೊಗಳುತ್ತಾರೆ. ಹೊಗಳಿಕೆ ನನಗೆ ಬೇಡ. ಜೀವದ ಮೇಲೆ ಆಸೆಯಿರುವವಳು ಹೋಗಿ ಹೇಳಿದ್ದರೆ ಅದು ದೊಡ್ಡ ಮಾತು. ನನಗೆ ಆಸೆಯೇ ಇರಲಿಲ್ಲ. ಉಪ್ಪಿನಕಾಯಿ ಬೇಡದವರು ಪಕ್ಕದವರಿಗೆ ಬಡಿಸಿ ಎಂದ ಹಾಗೆ, ಅಷ್ಟೇ ಸಲೀಸು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. "ಓದಿದವರು ಮೇಡಂ ನೀವು," ಎಂದರು.

"ಹೌದು," ಎಂದೆ.

"ಅರ್ಧ ಅರ್ಧ ತಿಂದ್ರೆ ಇಬ್ಬರಿಗೂ ಅರ್ಧ ಫಲ ಸಿಗುತ್ತೆ ಅಂದ್ಕೊಂಡ್ರಾ? ಹಾಗಿಲ್ಲ. ಔಷಧಿ ಮೈಯಲ್ಲಿ ದಿನಾ ಒಂದು ಮಟ್ಟಕ್ಕೆ ಇರಬೇಕು. ಅದಕ್ಕಿಂತ ಕೆಳಗೆ ಇಳಿದರೆ ಇಬ್ಬರಿಗೂ ಸಿಗದೇ ಹೋಗಬಹುದು."

"ಅವರದು ಔಷಧಿ, ನನ್ನದು ಹಿಟ್ಟು. ನನಗೆ ಗೊತ್ತಾಗಿದೆ."

"ಇಲ್ಲ, ಗೊತ್ತಾಗಿಲ್ಲ," ಎಂದು ಅವರು ತಲೆಯಾಡಿಸಿದರು. "ವಾಕರಿಕೆ ನೂರು ಕಾರಣಕ್ಕೆ ಬರುತ್ತೆ. ಹಿಟ್ಟು ತಿಂದವರಿಗೂ ಬರುತ್ತೆ. ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಇರಬಹುದು. ಈ ಹೊತ್ತಿಗೂ ಟ್ರಯಲ್ ಮುಗಿದಿಲ್ಲ, ಯಾವ ಬಾಟಲಿಯಲ್ಲಿ ಏನಿದೆ ಎಂದು ಯಾರೂ ತೆರೆದು ಹೇಳಿಲ್ಲ. ಆದರೆ ನನ್ನ ಹೊಟ್ಟೆಗೆ ಗೊತ್ತಿತ್ತು, ಅದನ್ನು ನಾನು ನಂಬಿದ್ದೆ.

"ನಾನು ಬಿಟ್ಟುಬಿಡ್ತೀನಿ. ಹೇಗಿದ್ದರೂ ನನಗೆ ಸಿಗೋದು ಹಿಟ್ಟು," ಎಂದೆ.

"ಬಿಡೋದು ನಿಮ್ಮ ಇಷ್ಟ. ಬಿಟ್ಟರೂ ಸ್ಕ್ಯಾನು, ಪರೀಕ್ಷೆ ಯಾವುದೂ ನಿಲ್ಲಲ್ಲ," ಎಂದರು. ಮತ್ತೆ ಪೆನ್ನು ಕೈಗೆತ್ತಿಕೊಂಡು, "ಆದರೆ ಹಿಟ್ಟಿನ ಕಡೆಯವರೆಲ್ಲ ಎದ್ದು ಹೋದರೆ ನಾವು ಯಾವುದಕ್ಕೆ ಹೋಲಿಸಿ ನೋಡೋದು? ಮಾತ್ರೆ ತಿಂದವರು ಚೆನ್ನಾಗಿದ್ದರೆ ಅದು ಮಾತ್ರೆಯಿಂದಲೋ ಅಥವಾ ಹಾಗೇ ಚೆನ್ನಾಗಿದ್ದಾರೋ ಅಂತ ಹೇಳೋಕೇ ಆಗಲ್ಲ. ನಾಳೆ ಈ ಕುರ್ಚಿಲಿ ಬಂದು ಕೂತವರಿಗೆ ನಾನು ಏನು ಕೊಡಲಿ?" ಎಂದು ಕೇಳಿದರು.

ನಾನು ಕೂತಿದ್ದ ಕುರ್ಚಿಯ ರೆಕ್ಸಿನ್ ಹರಿದಿತ್ತು. ಇಲ್ಲಿ ಬಂದು ಕೂರುವವಳು ಯಾರಿರಬಹುದು ಎಂದು ಒಂದು ಗಳಿಗೆ ಯೋಚಿಸಿದೆ. ನನ್ನ ತರಗತಿಯ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಕಣ್ಣ ಮುಂದೆ ಬಂದಳು. ಹಾಗಾದರೆ ಇರುತ್ತೇನೆ ಎಂದೆ. ಬಿಡುವುದಕ್ಕೂ ಶ್ರಮ ಬೇಕು, ಇರುವುದೇ ಸುಲಭ ಎನಿಸಿದ್ದೂ ಸುಳ್ಳಲ್ಲ.

ಡಾಕ್ಟರು ಅಕ್ಕನನ್ನೂ ಕರೆಸಿ ಮಾತಾಡಿದರು. ಟ್ರಯಲ್ ನಡೆಸುವ ಮೇಲಿನವರಿಗೆ ಎಲ್ಲವನ್ನೂ ತಿಳಿಸಿದರು. ನಮ್ಮಿಬ್ಬರನ್ನೂ ಆಚೆ ಹಾಕುತ್ತಾರೆ ಎಂದು ನಾನು ಕಾದಿದ್ದೆ. ಅಕ್ಕನನ್ನು ಆಚೆ ಹಾಕಿದರೆ ಅವರಿಗೆ ಆ ಔಷಧಿಯೂ ಹೋಯಿತು. ಕೊನೆಗೆ, ನಡೆದದ್ದು ದಾಖಲಾಗಿರುತ್ತದೆ, ಇನ್ನು ಮುಂದೆ ಅವರವರ ಮಾತ್ರೆ ಅವರವರೇ ತೆಗೆದುಕೊಳ್ಳುವುದಾದರೆ ಮುಂದುವರಿಯಬಹುದು ಎಂದು ಉತ್ತರ ಬಂತು. ಅವರವರ ಹೆಸರಿನ ಹೊಸ ಬಾಟಲಿ ಕೊಟ್ಟರು.

ಆವತ್ತು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಅಕ್ಕ ನನಗೆ ಮುಖ ಕೊಡಲಿಲ್ಲ. ರೊಟ್ಟಿ ಡಬ್ಬಿ ತೆಗೆದು ನನ್ನ ಕಡೆ ತಳ್ಳಿ ಅರಕಲಗೂಡಿನ ಬಸ್ಸಿನ ಕಡೆ ನೋಡುತ್ತ ಕೂತರು.

"ಏಳ್ಬುಟ್ಯಲ್ಲ ಟೀಚ್ರಮ್ಮ," ಎಂದರು. "ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ಬಿಡ್ತಿದ್ರಾ? ಅದು ನಿಮ್ಮ ಔಷಧಿ ಅಕ್ಕ. ನನಗೆ ಚನ್ನರಾಯಪಟ್ಟಣದಲ್ಲಿ ವಾಂತಿಯಾದಾಗ ಗೊತ್ತಾಯ್ತು. ನನ್ನದು ಬರೀ ಹಿಟ್ಟು."

"ಅದೇನ್ ದೊಡ್ಡ ಇಸ್ಯ ಅಂತ ಏಳ್ತಿದೀಯೆ? ನಂಗೆ ಉಪ್ಪು ಗೊತ್ತಾಯ್ತಲ್ಲ, ಆವತ್ತೇ ಗೊತ್ತಾಯ್ತು. ನಾನು ನಾಕು ರೊಟ್ಟಿ ತಿಂದೆ, ನೀನು ಚಿತ್ರಾನ್ನ ಬುಟ್ಟೆ. ನಂಗೇನು ಕಣ್ಣಿಲ್ವಾ?"

ನಾನು ಅವರ ಮುಖವನ್ನೇ ನೋಡಿದೆ. "ಗೊತ್ತಾದ ಮೇಲೂ ಕಲೆಸಿದ್ರಾ? ಆವತ್ತು ಊಟ ಆದ ಮೇಲೂ?"

"ಮತ್ತೆ? ಗೊತ್ತಿಲ್ದೆ ಕೊಟ್ಟಿದ್ದು ಏನ್ ಮಾ ದೊಡ್ದು. ಗೊತ್ತಾದ್ಮ್ಯಾಕೆ ಕೈ ಎಳ್ಕಂಡ್ರೆ ನಾನು ಎಂತೋಳಾದೆ?"

ಅವರು ಒಂದು ರೊಟ್ಟಿ ಮುರಿದು, ತಿನ್ನದೆ ಮತ್ತೆ ಡಬ್ಬಿಗೇ ಹಾಕಿದರು. "ಅರ್ಧ ತಿಂದ್ರೆ ಇಬ್ಬುರ್ಗೂ ಸಿಗಾಕಿಲ್ವಂತೆ. ಡಾಕ್ಟ್ರಮ್ಮ ಏಳುದ್ರು. ಅದ್ ನಂಗೆ ಗೊತ್ತಿರ್ಲಿಲ್ಲ. ಇನ್ ಕಲ್ಸಾಕಿಲ್ಲ, ಬುಡು," ಎಂದರು.

ನಾನು ಸಮಾಧಾನದಿಂದ ಉಸಿರು ಬಿಟ್ಟೆ. ಅವರ ಮಾತು ಮುಗಿದಿರಲಿಲ್ಲ. ಆಚೀಚೆ ನೋಡಿ ಕೈಚೀಲದಿಂದ ತಮ್ಮ ಹೊಸ ಬಾಟಲಿ ತೆಗೆದು ನನ್ನ ತೊಡೆಯ ಮೇಲಿಟ್ಟರು.

"ಇದ್ನ ನೀನೇ ಇಕ್ಕೋ. ನಿಂದು ನಂಗೆ ಕೊಡು. ನಂದೇನೈತೆ, ಮಕ್ಳ ಮದ್ವೆ ಮಾಡ್ದೆ, ಮನೆ ಕಟ್ಟಿಸ್ದೆ. ನೀನಿನ್ನೂ ಇಸ್ಕೂಲ್ಗೆ ಓಗೋಳು. ಮಕ್ಳಿಗೆ ಲೆಕ್ಕ ಏಳ್ಕೊಡೋಳು. ಒಬ್ಬರಿಗೇ ಪೂರ್ತಿ ಬೇಕು ಅಂದ್ರೆ ನಿಂಗಿರ್ಲಿ."

ತೊಡೆಯ ಮೇಲೆ ಆ ಬಾಟಲಿ ಇತ್ತು. ಮುಚ್ಚಳದ ಸೀಲು ಇನ್ನೂ ಒಡೆದಿರಲಿಲ್ಲ. ಅದನ್ನು ಹಿಂದಕ್ಕೆ ಕೊಡುವುದು ಎಷ್ಟು ಹೊತ್ತಿನ ಕೆಲಸ, ಡಾಕ್ಟರ ಮುಂದೆ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟು ಬಂದವಳು ನಾನು. ಆದರೆ ನನ್ನ ಕೈ ಅದನ್ನು ಮುಚ್ಚಿಕೊಂಡು ಕೂತುಬಿಟ್ಟಿತು. ಮುಂದಿನ ವರ್ಷ ಹತ್ತನೆಯ ತರಗತಿಯ ಪಾಠ ನಾನೇ ಮಾಡಬಹುದು ಎನ್ನುವುದು ತಲೆಗೆ ಬಂತು. ಇನ್ನೂ ಎಷ್ಟೋ ಬಂದವು, ಹೊಳೆಯ ಕಡೆಯ ರಸ್ತೆ, ಯಜಮಾನರ ಕೆಮ್ಮು, ಬರುವ ಮಾವಿನಕಾಯಿಯ ಕಾಲ. ಎಲ್ಲ ಒಟ್ಟಿಗೆ ನುಗ್ಗಿದವು. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು.

"ಬೇಡ ಅಕ್ಕ," ಎಂದೆ.

"ಯಾಕೆ?"

"ಬೇಡ. ನೀವು ನನ್ನ ಎದುರಿಗೆ ಇವತ್ತಿನ ಮಾತ್ರೆ ನುಂಗಿ. ನುಂಗೋ ತನಕ ನಾನು ಬಸ್ಸು ಹತ್ತಲ್ಲ."

ಬಾಟಲಿಯನ್ನು ಅವರ ಕೈಗೆ ಹಿಡಿಸಿ ಬೆರಳು ಮಡಿಸಿದೆ. ಅವರು ನನ್ನ ಮುಖ ನೋಡಿದರು. ಸೀಲು ಒಡೆದು, ಮಾತ್ರೆ ಬಾಯಿಗೆ ಹಾಕಿಕೊಂಡು, ನನ್ನ ನೀರಿನ ಬಾಟಲಿಯಿಂದಲೇ ನೀರು ಕುಡಿದರು. ನುಂಗಿದ್ದು ಗಂಟಲಿನಲ್ಲಿ ಕಂಡಿತು. ಬಾಯಿ ತೆರೆದು ಮಗುವಿನ ಹಾಗೆ ನಾಲಿಗೆ ತೋರಿಸಿದರು. ಅರಕಲಗೂಡಿನ ಬಸ್ಸು ಹೊರಡಲು ಹಾರ್ನ್ ಹಾಕಿತು, ಡಬ್ಬಿ ಎತ್ತಿಕೊಂಡು ಓಡಿದರು.

ನಾನು ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನನ್ನ ಮಾತ್ರೆ ನುಂಗಿದೆ. ಕಂಡಕ್ಟರ್ ಬಂದು "ಎಲ್ಲಿಗಮ್ಮಾ?" ಎಂದ. ಉತ್ತರ ಕೊಡಲು ಬಾಯಿ ತೆರೆದರೆ ಅಳು ಬಂತು. ಆಪರೇಷನ್ ದಿನ ಬರದ ಅಳು, ಕೂದಲು ಹೋದಾಗ ಬರದ ಅಳು. ಅವನು ಗಾಬರಿಯಾಗಿ ಮುಂದಿನ ಸೀಟಿಗೆ ಹೋದ. ಬೇಡ ಎಂದದ್ದು ಸರಿಯೇ, ಇನ್ನೊಮ್ಮೆ ಕೊಟ್ಟರೂ ಬೇಡ ಎಂದೇ ಹೇಳುತ್ತೇನೆ. ಆದರೆ ನನಗೆ ಸಾಯಲು ಇಷ್ಟವಿರಲಿಲ್ಲ, ಅದು ಆ ಬಸ್ಸಿನಲ್ಲಿ ನನಗೆ ತಿಳಿಯಿತು. ಅಕ್ಕನ ಆ ಬಾಟಲಿ ನನಗೆ ಬೇಕಾಗಿತ್ತು.